ಬಾವಿಯ ಜೊತೆಗೆ ಬಂದವರು

ಹತ್ತಿರ ಬನ್ನಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಿಸಲಿ. ನಾನು ಹೇಳೋದು ಕಣಿವೆಕೋಟೆ ಅನ್ನೋ ರಾಜ್ಯದಲ್ಲಿ ನಡೆದ ಸಂಗತಿ.

ಆ ರಾಜ್ಯದ ನಡುವೆ ಒಂದು ಬೋಳು ಬೆಟ್ಟ. ಈ ಸೀಮೆಯಿಂದ ಆ ಸೀಮೆಗೆ ಹೋಗೋರೆಲ್ಲ ಆ ಬೆಟ್ಟ ಹತ್ತಿ ಇಳೀಬೇಕು. ಬೇರೆ ದಾರಿ ಇಲ್ಲ. ಮೂರು ಹರದಾರಿ ದೂರ ಒಂದು ಮನೆ ಇಲ್ಲ, ಒಂದು ತೊಟ್ಟು ನೀರಿಲ್ಲ. ಬೇಸಿಗೆ ಬಂತು ಅಂದರೆ ದಾರಿಯಲ್ಲಿ ಯಾರೋ ಒಬ್ಬರು ಬಿದ್ದು ಸತ್ತ ಸುದ್ದಿ ಬಂದೇ ಬರುತ್ತಿತ್ತು.

ಬೆಟ್ಟದ ಬುಡದಲ್ಲಿ ಇಪ್ಪತ್ತು ಮನೆಯ ಒಂದು ಕೇರಿ. ಅಲ್ಲಿಯವರು ಯೇಸುಸ್ವಾಮಿಯನ್ನು ನಂಬಿದವರು. ಮಣ್ಣಿನ ಗೋಡೆಗೆ ಹುಲ್ಲು ಹೊದಿಸಿ ಒಂದು ಪುಟ್ಟ ದೇವಾಲಯ ಕಟ್ಟಿಕೊಂಡಿದ್ದರು. ಆ ಕೇರಿಯಲ್ಲಿ ರಾಯಪ್ಪ ಅಂತ ಒಬ್ಬ ಕಲ್ಲುಕುಟಿಗ, ಅವನ ಹೆಂಡತಿ ಚೌರಮ್ಮ.

ಒಂದು ದಿನ ರಾಯಪ್ಪ ಬೆಟ್ಟ ಇಳಿದು ಬರುವಾಗ ಒಬ್ಬ ಮುದುಕ ದಾರಿಯ ಮೇಲೆ ಸತ್ತು ಬಿದ್ದಿದ್ದ. ಕೈಯಲ್ಲಿ ಬರಿದಾದ ಸೋರೆಬುರುಡೆ. ರಾಯಪ್ಪ ಅವನನ್ನು ಮಣ್ಣು ಮಾಡಿ ಮನೆಗೆ ಬಂದ. ಉಣ್ಣಲಿಲ್ಲ. ಬೆಳಗಾದ ಮೇಲೆ ಹಾರೆ, ಗುದ್ದಲಿ ತಗೊಂಡು ಬೆಟ್ಟದ ಅರ್ಧಕ್ಕೆ ಹೋಗಿ ಬಾವಿ ತೋಡೋಕೆ ನಿಂತ. ಒಂದು ಬೇಸಿಗೆ ತೋಡಿದ. ಎರಡು ಬೇಸಿಗೆ ತೋಡಿದ. ಚೌರಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದಳು. ಮೂರನೇ ಬೇಸಿಗೆಗೆ ನೀರು ಬಂತು, ಎಳನೀರಿನಂಥ ನೀರು.

ಅಲ್ಲೇ ಒಂದು ಅರವಟಿಗೆ ಕಟ್ಟಿದರು. ನಾಲ್ಕು ಕಂಬ, ಮೇಲೆ ಸೋಗೆ, ಕೆಳಗೆ ಮೂರು ದೊಡ್ಡ ಹರವಿ. ಬಂದವರಿಗೆಲ್ಲ ನೀರು. ಯಾವ ಜಾತಿ, ಯಾವ ಊರು, ಯಾವ ದೇವರು ಅಂತ ಕೇಳೋದಿಲ್ಲ. ಮುಂದೆ ರಾಯಪ್ಪ ತೀರಿಕೊಂಡ. ಮಕ್ಕಳಿಲ್ಲದ ಚೌರಮ್ಮ ಬಾವಿಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಒಬ್ಬಳೇ ನೀರು ಸೇದತೊಡಗಿದಳು. ಐವತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಬಾಯಿ ಸ್ವಲ್ಪ ಜೋರು.

"ನಿಂತ ನಿಲುವಿನಲ್ಲಿ ಕುಡೀಬೇಡ ಮಗ, ಎದೆಗೆ ಹತ್ತುತ್ತೆ. ಕೂತ್ಕೊ," ಅಂತ ಗದರುವಳು. ಕೂತ ಮೇಲೆ ಒಂದು ಚೂರು ಬೆಲ್ಲ ಕೈಗೆ ಹಾಕುವಳು. ದಾರಿಹೋಕರು ಅವಳಿಗೆ ನೀರಮ್ಮ ಅಂತಲೇ ಹೆಸರಿಟ್ಟಿದ್ದರು.

ಈಗ ಕೇರಿಯ ಯಜಮಾನನ ವಿಚಾರಕ್ಕೆ ಬರೋಣ. ಅವನ ಹೆಸರು ಜ್ಞಾನಪ್ರಕಾಶಪ್ಪ. ಎದೆಯ ಮೇಲೆ ಅಂಗೈಯಗಲದ ಶಿಲುಬೆ, ಗಂಟೆ ಬಾರಿಸಿದಂಥ ಗಂಟಲು. ಭಾನುವಾರ ಜಪ ಹೇಳಿಸುವವನು ಅವನೇ. ಸ್ವಾಮಿ ಹೇಳಿದ ಮಾತುಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಅವನು ಯಾರ ಮನೆಯ ಹೆಣಕ್ಕೂ ಹೆಗಲು ಕೊಟ್ಟವನಲ್ಲ, ಯಾರ ಮನೆಯ ಮಗುವನ್ನೂ ಎತ್ತಿಕೊಂಡವನಲ್ಲ.

ಬಾವಿಯ ಕೆಳಗಿನ ಇಳಿಜಾರು ಈ ಯಜಮಾನನದ್ದು. ಅಲ್ಲೊಂದು ಮಾವಿನ ತೋಟ ಮಾಡಬೇಕು, ಹಣ್ಣನ್ನು ಅರಮನೆಗೆ ಕಳಿಸಬೇಕು, ರಾಜನ ಬಾಯಲ್ಲಿ ತನ್ನ ಹೆಸರು ಬರಬೇಕು ಅಂತ ಅವನ ಆಸೆ. ತೋಟಕ್ಕೆ ನೀರು ಬೇಕು. ನೀರು ಇರೋದು ಚೌರಮ್ಮನ ಬಾವಿಯಲ್ಲಿ. ಬಾವಿಯ ನೀರು ಸಣ್ಣ ಊಟೆಯದು, ತೋಟಕ್ಕೆ ಹರಿಸಿದರೆ ಹರವಿಗೆ ಉಳಿಯೋದಿಲ್ಲ. ಅದು ಅವನಿಗೂ ಗೊತ್ತಿತ್ತು.

'ಸುಮ್ಮನೆ ಕೇಳಿದರೆ ಈಕೆ ಕೊಡೋದಿಲ್ಲ. ಸ್ವಾಮಿಯ ಮಾತಿನಿಂದಲೇ ಇವಳನ್ನು ಕಟ್ಟಿಹಾಕಬೇಕು,' ಅಂತ ಯೋಚನೆ ಮಾಡಿದ. ಮೊದಲು ಸಣ್ಣದರಿಂದ ಶುರು ಮಾಡಿದ.

ಒಂದು ಬೆಳಿಗ್ಗೆ ಬೆಟ್ಟ ಹತ್ತಿ ಬಂದು ಹೇಳಿದ. "ಚೌರಮ್ಮ, ನಿನ್ನ ಹಾಲಿನ ಮೇಕೆ ನನಗೆ ಬೇಕು."

"ಯಾಕೆ ಯಜಮಾನ್ರೇ? ನಿಮ್ಮ ಕೊಟ್ಟಿಗೆ ತುಂಬ ಹಸು ಇದಾವಲ್ಲ."

"ಯಾಕೆ ಅಂತ ಕೇಳಬಾರದು. ಕೇಳಿದವರಿಗೆ ಇಲ್ಲ ಅನ್ನಬೇಡಿ ಅಂತ ಸ್ವಾಮಿ ಹೇಳಿದಾರೋ ಇಲ್ವೋ?"

ಚೌರಮ್ಮ ಒಂದು ಗಳಿಗೆ ಮೇಕೆಯ ಮುಖ ನೋಡಿದಳು. ಅದರ ಕೊರಳ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು. ಮರಿ ಕೂಗಿಕೊಂಡು ಹಿಂದೆ ಓಡಿತು.

"ಮರೀನೂ ಕರಕೊಂಡು ಹೋಗಿ. ತಾಯಿ ಬಿಟ್ಟು ಅದು ಬದುಕಲ್ಲ," ಅಂದಳು.

ಆ ದಿನ ಅವಳು ಮುದ್ದೆಯನ್ನು ಬರೀ ಉಪ್ಪುನೀರಲ್ಲಿ ಅದ್ದಿ ಉಂಡಳು. ಹೊಟ್ಟೆಗಿಂತ ಮನಸ್ಸಿಗೆ ಕಷ್ಟ ಆಯಿತು. ಆ ಮೇಕೆ ಅವಳ ಜೊತೆ ಮಾತಾಡುವ ಹಾಗೆ ಇತ್ತು.

ವಾರ ಕಳೆದು ಯಜಮಾನ ಮತ್ತೆ ಬಂದ. "ಚೌರಮ್ಮ, ನಮ್ಮನೆಯಲ್ಲಿ ರಾಗಿ ಬೀಸೋದಿದೆ. ಒಂದು ದಿನ ಬಂದು ಬೀಸಿಕೊಡು. ಒಂದು ಹರದಾರಿ ಬಾ ಅಂದವನ ಜೊತೆ ಎರಡು ಹರದಾರಿ ನಡೀರಿ ಅಂತ ಸ್ವಾಮಿ ಹೇಳಿದಾರೋ ಇಲ್ವೋ?"

"ಹೇಳಿದಾರೆ," ಅಂದಳು ಚೌರಮ್ಮ.

ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಎದ್ದು ಮೂರು ಹರವಿಗೂ ನೀರು ತುಂಬಿ, ಕೆಳಗಿಳಿದು ಹೋಗಿ ರಾಗಿ ಬೀಸಿದಳು. ಸಂಜೆಗೆ ಇನ್ನೂ ಅರ್ಧ ಮೂಟೆ ಉಳಿದಿತ್ತು. ಯಜಮಾನನ ಹೆಂಡತಿಗೆ ಕೀಲುನೋವು, ಬೀಸೋಕೆ ಆಗದು. ಅದನ್ನು ನೋಡಿ ಚೌರಮ್ಮ ಯಾರೂ ಕೇಳದೆ ಮಾರನೇ ದಿನವೂ ಬಂದು ಉಳಿದದ್ದನ್ನು ಬೀಸಿಕೊಟ್ಟಳು.

ಯಜಮಾನ ಜಗಲಿಯ ಮೇಲೆ ಕೂತು ಒಳಗೊಳಗೇ ನಕ್ಕ. 'ಇವಳು ಪೂರಾ ಪೆದ್ದಿ. ಇನ್ನು ಬಾವಿ ನನ್ನದೇ.'

ಭಾನುವಾರ ಬಂತು. ಜಪ ಮುಗಿಯಿತು. ಕೇರಿಯವರೆಲ್ಲ ದೇವಾಲಯದ ಮುಂದೆ ನಿಂತಿದ್ದರು. ಯಜಮಾನ ಎಲ್ಲರಿಗೂ ಕೇಳುವ ಹಾಗೆ ಅಂದ. "ಚೌರಮ್ಮ, ನಿನ್ನ ಬಾವಿ ನನಗೆ ಕೊಡು. ಮೇಕೆ ಕೇಳಿದಾಗ ಕೊಟ್ಟೆ. ಕೆಲಸ ಕೇಳಿದಾಗ ಮಾಡಿದೆ. ಈಗ ಬಾವಿ ಕೇಳ್ತಿದೀನಿ. ಇಲ್ಲ ಅಂದರೆ ಸ್ವಾಮಿಯ ಮಾತು ಮೀರಿದ ಹಾಗೆ. ಸ್ವಾಮಿಯ ಮಾತು ಮೀರಿದವರಿಗೆ ಈ ಕೇರಿಯಲ್ಲಿ ಜಾಗ ಇಲ್ಲ."

ಜನ ಮುಖ ಮುಖ ನೋಡಿಕೊಂಡರು. ಎದುರು ಹೇಳೋ ಧೈರ್ಯ ಯಾರಿಗೆ? ಅವನು ಯಜಮಾನ.

"ನಾಳೆ ಹೇಳ್ತೀನಿ," ಅಂದಳು ಚೌರಮ್ಮ, ಅಷ್ಟೇ.

ಬೆಟ್ಟ ಹತ್ತುವಾಗ ಅವಳಿಗೆ ಅಳು ಬಂತು, ಸಿಟ್ಟೂ ಬಂತು. 'ಸ್ವಾಮಿ, ಇದೆಂಥ ಇಕ್ಕಟ್ಟು ತಂದಿಟ್ಟೆ? ಕೊಟ್ಟರೆ ದಾರಿಹೋಕರು ಸಾಯ್ತಾರೆ. ಕೊಡದಿದ್ದರೆ ನಿನ್ನ ಮಾತು ಮೀರಿದೋಳಾಗ್ತೀನಿ. ನನಗೆ ಓದು ಬರಲ್ಲ. ನೀನೇ ಹೇಳು.'

ಬಾವಿಯ ಹತ್ತಿರ ಒಬ್ಬ ಬಳೆಗಾರ, ಅವನ ಹೆಂಡತಿ, ಇಬ್ಬರು ಮಕ್ಕಳು ಕಾಯುತ್ತಿದ್ದರು. ಹರವಿ ಖಾಲಿ. ಚೌರಮ್ಮ ಕಣ್ಣೊರೆಸಿಕೊಂಡು ಹಗ್ಗ ಹಿಡಿದಳು. ಮೊದಲ ಬಿಂದಿಗೆ ಸೇದಿ ಮಕ್ಕಳಿಗೆ ಕೊಟ್ಟಳು. ಎರಡನೆಯದು ತಾಯಿಗೆ. ಮೂರನೆಯದು ಬಳೆಗಾರನಿಗೆ. ಅವನು ಕುಡಿದು, ಉಸಿರು ಬಿಟ್ಟು, "ಈ ಬಾವಿ ಯಾರದಮ್ಮ?" ಅಂದ.

"ನಿಂದೇ ಮಗ," ಅಂದಳು ಚೌರಮ್ಮ. ಯಾರು ಕೇಳಿದರೂ ಅವಳು ಹೇಳುತ್ತಿದ್ದದ್ದು ಹಾಗೇ. ಆದರೆ ಆ ದಿನ ಆಡಿದ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಹಗ್ಗ ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ತಾನೇ ನಕ್ಕಳು. ಬಳೆಗಾರನ ಮಕ್ಕಳೂ ಯಾಕೆ ಅಂತ ಗೊತ್ತಿಲ್ಲದೆ ನಕ್ಕವು.

ಮಾರನೇ ದಿನ ಯಜಮಾನನ ಬಾಗಿಲಿಗೆ ಹೋಗಿ ಹೇಳಿದಳು. "ಯಜಮಾನ್ರೇ, ಬಾವಿ ಕೊಡ್ತೀನಿ. ಬಾವಿ ಒಂದನ್ನೇ ಅಲ್ಲ, ಅದರ ಜೊತೆಗಿರೋದನ್ನೂ ಕೊಡ್ತೀನಿ. ಆದರೆ ಅದು ಇರೋದು ರಾಜರ ದಾರಿಯಲ್ಲಿ. ಅವರ ಮುಂದೆ ಕೊಡೋಣ."

ಯಜಮಾನನಿಗೆ ಹಿಗ್ಗೋ ಹಿಗ್ಗು. ರಾಜನ ಮುಂದೆ ಕೊಟ್ಟರೆ ನಾಳೆ ಯಾರೂ ತಕರಾರು ತೆಗೆಯೋ ಹಾಗಿಲ್ಲ. ಹೊಸ ಪಂಚೆ ಉಟ್ಟುಕೊಂಡು ಹೊರಟ. ಕೇರಿಯ ನಾಲ್ಕು ಜನ ಹಿರಿಯರೂ ಜೊತೆಗೆ ಹೊರಟರು.

ದಾರಿಯಲ್ಲಿ ಚೌರಮ್ಮ ಅವನಿಗೆ ಹೇಳಿದಳು. "ಯಜಮಾನ್ರೇ, ಮೊದಲೇ ಹೇಳ್ತೀನಿ. ಬಾವಿ ಜೊತೆಗೆ ಬರೋದು ಭಾರ ಇದೆ. ಯೋಚನೆ ಮಾಡಿ."

'ಕೊಡೋಕೆ ಮನಸ್ಸಿಲ್ಲದೆ ಹೆದರಿಸ್ತಿದಾಳೆ,' ಅಂದುಕೊಂಡ ಯಜಮಾನ. "ಎಷ್ಟು ಭಾರ ಇದ್ದರೂ ಹೊರ್ತೀನಿ ನಡಿ," ಅಂದ.

ರಾಜ ಇಬ್ಬರ ಮಾತನ್ನೂ ಕೇಳಿದ. ಅವನ ನಂಬಿಕೆ ಬೇರೆ, ಅವನ ದೇವರು ಬೇರೆ. ಆದರೆ ಆ ಬಾವಿ ಅವನಿಗೆ ಗೊತ್ತಿತ್ತು. ಒಂದು ಬೇಸಿಗೆಯಲ್ಲಿ ಅವನ ಕುದುರೆಯೂ ಅಲ್ಲಿ ನೀರು ಕುಡಿದಿತ್ತು.

"ತಾಯಿ, ನಿನ್ನ ಮನಸ್ಸಾರೆ ಕೊಡ್ತಿದೀಯಾ?" ಅಂತ ಕೇಳಿದ.

"ಕೊಡ್ತಿದೀನಿ ಬುದ್ಧಿ. ಜೊತೆಗಿರೋದನ್ನೆಲ್ಲ ಸೇರಿಸಿ ಕೊಡ್ತಿದೀನಿ."

ರಾಜ ಯಜಮಾನನ ಕಡೆ ತಿರುಗಿದ. "ಜೊತೆಗಿರುವುದೆಲ್ಲ ನಿಮಗೆ ಒಪ್ಪಿಗೆಯೋ?"

"ಒಪ್ಪಿಗೆ."

"ಏನೇನಿದೆ ಅಂತ ಕೇಳಿಕೊಂಡು ಹೇಳಿ."

"ಕೇಳೋದೇ ಬೇಡ ಮಹಾಸ್ವಾಮಿ. ಎಲ್ಲ ಒಪ್ಪಿಗೆ." ಯಜಮಾನ ಎದೆಯ ಶಿಲುಬೆ ಮುಟ್ಟಿ ಆಣೆ ಇಟ್ಟ.

"ಏನೇನು ಕೊಡ್ತಿದೀಯ, ಹೇಳು ತಾಯಿ."

ಚೌರಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು. "ಬಾವಿ ಕೊಟ್ಟೆ. ಹಗ್ಗ, ರಾಟೆ, ಮೂರು ಹರವಿ ಕೊಟ್ಟೆ. ಇನ್ನು, ಆ ದಾರಿಯಲ್ಲಿ ಬಾಯಾರಿ ಬರೋರನ್ನೆಲ್ಲ ಕೊಟ್ಟೆ. ನಮ್ಮೋರು ಬಾವಿ ತೋಡಿದ ದಿನವೇ ನೀರನ್ನ ಅವರಿಗೆ ಕೊಟ್ಟಾಯ್ತು ಬುದ್ಧಿ. ನೀರು ನಂದಲ್ಲ. ನಾನು ಬರೀ ಸೇದೋಳು. ನನ್ನ ಹತ್ರ ಇದ್ದದ್ದು ಆ ಕೆಲಸ ಒಂದೇ. ಅದನ್ನ ಯಜಮಾನ್ರಿಗೆ ಕೊಡ್ತಿದೀನಿ."

ಯಜಮಾನನ ಕೈ ಎದೆಯ ಶಿಲುಬೆಯಿಂದ ಕೆಳಗಿಳಿಯಿತು.

ರಾಜನ ಮೀಸೆಯ ಕೆಳಗೆ ನಗು ಬಂತು. "ಸರಿಯಾದ ಮಾತು. ಯಜಮಾನರೇ, ನಾಳೆಯಿಂದ ಬಾವಿ ನಿಮ್ಮದು. ದಾರಿಯಲ್ಲಿ ಬಾಯಾರಿದವನು ಒಬ್ಬನೂ ಇಲ್ಲ ಅನ್ನೋ ಹೊತ್ತಿಗೆ ತೋಟಕ್ಕೆ ನೀರು ಬಿಡಿ, ಬೇಡ ಅನ್ನೋದಿಲ್ಲ. ಅಲ್ಲಿಯವರೆಗೆ ಬಂದವರಿಗೆ ನೀವೇ ಸೇದಿ ಕೊಡಬೇಕು. ಈಕೆ ಆಳು ಇಟ್ಟುಕೊಂಡಿರಲಿಲ್ಲ, ನೀವೂ ಇಡುವ ಹಾಗಿಲ್ಲ. ಆಗೋದಿಲ್ಲ ಅನಿಸಿದರೆ ಬಾವಿಯನ್ನು ಈಕೆಗೆ ಒಪ್ಪಿಸಿಬಿಡಿ."

ಆಣೆ ಇಟ್ಟಾಗಿದೆ. ಹಿರಿಯರು ನೋಡಿದ್ದಾರೆ. ಯಜಮಾನ ಬೆಟ್ಟ ಹತ್ತಿದ. ಚೌರಮ್ಮ ಕೆಳಗೆ ಕೇರಿಯಲ್ಲಿ ಅನ್ನಮ್ಮ ಅನ್ನೋ ಗೆಳತಿಯ ಮನೆ ಸೇರಿದಳು.

ಮೊದಲನೇ ದಿನ ಉಪ್ಪಿನ ಹೇರು ಬಂತು. ಮೂವತ್ತು ಎತ್ತು, ಹನ್ನೆರಡು ಆಳು. ಯಜಮಾನ ಸೇದಿದ, ಸೇದಿದ, ಸೇದಿದ. ಮಧ್ಯಾಹ್ನಕ್ಕೆ ಅಂಗೈ ಕೆಂಪಾಯಿತು. ಸುದ್ದಿ ಕೇಳಿ ಕೇರಿಯ ಹೆಂಗಸರು ನಕ್ಕರು. ಸುಳ್ಳು ಯಾಕೆ ಹೇಳಲಿ, ಚೌರಮ್ಮನಿಗೂ ಒಳಗೊಳಗೇ ಖುಷಿಯಾಯಿತು.

ಎರಡನೇ ದಿನ ಮದುವೆ ದಿಬ್ಬಣ ಬಂತು. ಮುದುಕರು, ಮಕ್ಕಳು, ವಾಲಗದವರು. ಯಜಮಾನನ ಅಂಗೈಯಲ್ಲಿ ಬೊಬ್ಬೆ ಎದ್ದವು, ಎದ್ದ ಬೊಬ್ಬೆ ಒಡೆದವು. ಆ ದಿನ ಸುದ್ದಿ ಕೇಳಿದಾಗ ಚೌರಮ್ಮನಿಗೆ ನಗು ಬರಲಿಲ್ಲ. ಬಾವಿ ತೋಡುವಾಗ ಗಂಡನ ಕೈ ಹೇಗಿತ್ತು ಅನ್ನೋದು ಅವಳಿಗೆ ಗೊತ್ತಿತ್ತು. ಒಡೆದ ಬೊಬ್ಬೆಯ ಮೇಲೆ ಹಗ್ಗ ಎಳೆದರೆ ಹೇಗೆ ಉರಿಯುತ್ತೆ ಅನ್ನೋದೂ ಗೊತ್ತಿತ್ತು.

ಮೂರನೇ ದಿನ ಅವಳಿಗೆ ಕೂರಲಾಗಲಿಲ್ಲ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ, ಹಳೇ ಸೀರೆ ಹರಿದು ಪಟ್ಟಿ ಮಾಡಿಕೊಂಡಳು.

"ಎಲ್ಲಿಗೆ ಹೊರಟೆ?" ಅಂದಳು ಅನ್ನಮ್ಮ. "ಮೇಕೆ ಕಿತ್ತುಕೊಂಡವನಿಗೆ ಎಣ್ಣೆ ಹಚ್ಚೋಕಾ?"

"ಹೂಂ. ಬಾಯಾರಿದೋರನ್ನೆಲ್ಲ ಅವನಿಗೆ ಕೊಟ್ಟುಬಿಟ್ಟೆ ಕಣೆ. ಕೈ ನೋಯೋರು ನನ್ನ ಪಾಲಿಗೆ ಉಳಿದಿದಾರೆ."

ಅವಳು ಮೇಲೆ ಹೋದಾಗ ಅರವಟಿಗೆಯ ಮುಂದೆ ಒಬ್ಬ ಮನುಷ್ಯ ಬಿದ್ದಿದ್ದ. ಮೈಯೆಲ್ಲ ಹುಣ್ಣು, ಹುಣ್ಣಿಗೆ ನೊಣ. ಊರಿಂದ ಹೊರಗೆ ಹಾಕಿದ್ದರು ಅಂತ ಕಾಣುತ್ತೆ. ಬಿಂದಿಗೆ ಹಿಡಿಯೋಕೂ ಅವನ ಬೆರಳಿಗೆ ಬಲ ಇರಲಿಲ್ಲ. ಯಜಮಾನ ನಾಲ್ಕು ಮಾರು ದೂರದಲ್ಲಿ ತುಂಬಿದ ಬಿಂದಿಗೆ ಹಿಡಿದು ನಿಂತಿದ್ದ. ಮುಂದೆ ಬರೋಕೆ ಕಾಲು ಏಳುತ್ತಿಲ್ಲ, ಬಿಟ್ಟು ಹೋಗೋಕೂ ಆಗುತ್ತಿಲ್ಲ.

ಚೌರಮ್ಮ ಅವನ ಕೈಯಿಂದ ಬಿಂದಿಗೆ ತಗೊಂಡಳು. ನೆಲದ ಮೇಲೆ ಕೂತು ಆ ಮನುಷ್ಯನ ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಸಣ್ಣ ಸಣ್ಣ ಗುಟುಕು ಕುಡಿ ಮಗ. ಅವಸರ ಇಲ್ಲ. ಬಾವಿ ಎಲ್ಲಿಗೂ ಓಡಿ ಹೋಗಲ್ಲ."

ಅವನು ಕುಡಿದ. ಹುಣ್ಣು ತೊಳೆದಳು. ನೆರಳಿಗೆ ಸರಿಸಿ ಮಲಗಿಸಿದಳು. ಆಮೇಲೆ ಎದ್ದು ಕೈ ತೊಳೆದುಕೊಂಡು ಯಜಮಾನನ ಹತ್ತಿರ ಬಂದಳು.

"ಕೈ ಕೊಡಿ."

ಯಜಮಾನ ಮಗುವಿನ ಹಾಗೆ ಎರಡು ಕೈಯನ್ನೂ ಚಾಚಿದ. ಅವಳು ಎಣ್ಣೆ ಸವರಿ ಪಟ್ಟಿ ಕಟ್ಟತೊಡಗಿದಳು. ಒಂದು ಕೈ ಮುಗಿಯಿತು. ಇನ್ನೊಂದು ಕೈ ಅರ್ಧ ಆದಾಗ ಅವನು ಕೇಳಿದ.

"ಚೌರಮ್ಮ, ನನ್ನ ಮೇಲೆ ನಿನಗೆ ಸಿಟ್ಟಿಲ್ವಾ?"

"ಇತ್ತು. ಮೊನ್ನೆ ಬೇಕಾದಷ್ಟಿತ್ತು. ನಿನ್ನೆ ಸ್ವಲ್ಪ ಇತ್ತು. ಈ ಕೈ ನೋಡಿದ ಮೇಲೆ ಎಲ್ಲಿ ಹೋಯ್ತೋ ಕಾಣೆ."

ಯಜಮಾನ ತಲೆ ತಗ್ಗಿಸಿದ. ಗಂಟೆಯಂಥ ಗಂಟಲು ಸಣ್ಣಗಾಗಿತ್ತು. "ಸ್ವಾಮಿಯ ಮಾತೆಲ್ಲ ನನಗೆ ಬಾಯಿಗೆ ಬರುತ್ತೆ. ಅದನ್ನ ಬಲೆ ಮಾಡಿ ನಿನಗೆ ಬೀಸಿದೆ. ಈಗ ಆ ಮನುಷ್ಯ ನೀರು ನೀರು ಅಂತ ಮೂರು ಸಲ ಕೂಗಿದ. ಆಗ ನನಗೆ ಒಂದು ಮಾತೂ ನೆನಪಿಗೆ ಬರಲಿಲ್ಲ. ಕಾಲೂ ಏಳಲಿಲ್ಲ. ಬಾವಿ ನಿಂದು ಚೌರಮ್ಮ. ತಗೊ."

"ನನಗೂ ವಯಸ್ಸಾಯ್ತು ಯಜಮಾನ್ರೇ. ಒಬ್ಬಳೇ ಸೇದೋಕೆ ಕಷ್ಟ. ಇಬ್ಬರೂ ಸೇದೋಣ. ಆದರೆ ಈ ಕೈ ವಾಸಿಯಾಗೋವರೆಗೆ ನೀವು ಹಗ್ಗ ಮುಟ್ಟಬೇಡಿ. ಹೋಗಿ, ಆ ಮನುಷ್ಯನಿಗೆ ನೊಣ ಅಟ್ಟಿ. ಅದಕ್ಕೆ ಬೊಬ್ಬೆ ಅಡ್ಡಿ ಇಲ್ಲ."

ಯಜಮಾನ ಹೋದ. ಮೊದಲು ಒಂದು ಮಾರು ದೂರದಲ್ಲಿ ಕೂತ. ಆಮೇಲೆ ಅರ್ಧ ಮಾರು. ಆಮೇಲೆ ಪಕ್ಕಕ್ಕೇ ಸರಿದು ಕೂತು ಮೇಲುಹೊದಿಕೆ ಬೀಸಿ ನೊಣ ಅಟ್ಟಿದ. ಸಂಜೆಗೆ ಆ ರೋಗಿಯನ್ನು ಚೌರಮ್ಮನ ಗುಡಿಸಲಿಗೆ ಇಬ್ಬರೂ ಸೇರಿ ಎತ್ತಿಕೊಂಡು ಹೋದರು. ಅವನು ಎರಡು ತಿಂಗಳು ಅಲ್ಲೇ ಇದ್ದು ಚೇತರಿಸಿಕೊಂಡ.

ಮೇಕೆ ಮರಿ ಎರಡೂ ಬೆಟ್ಟಕ್ಕೆ ವಾಪಸ್ಸು ಬಂದವು. ಮಾವಿನ ತೋಟದ ಮಾತನ್ನು ಯಜಮಾನ ಮತ್ತೆ ಎತ್ತಲಿಲ್ಲ. ವಾರದಲ್ಲಿ ಮೂರು ದಿನ ಅವನು ಸೇದಿದರೆ ಮೂರು ದಿನ ಚೌರಮ್ಮ ಸೇದುವಳು. ಭಾನುವಾರ ಜಪ ಮುಗಿಸಿ ಕೇರಿಯವರು ಸರದಿಯಂತೆ ಬಂದು ಸೇದುವರು. ಮುಂದಿನ ಬೇಸಿಗೆ ಅವರೆಲ್ಲ ಸೇರಿ ಬೆಟ್ಟದ ಆಚೆ ಮಗ್ಗುಲಲ್ಲಿ ಎರಡನೇ ಬಾವಿಗೆ ಗುದ್ದಲಿ ಹಾಕಿದರು. ಮೊದಲ ಗುದ್ದಲಿ ಯಜಮಾನನದು.

ಆ ವರ್ಷ ಕರಾವಳಿಯಿಂದ ಒಬ್ಬರು ಪಾದ್ರಿಗಳು ಕೇರಿಯನ್ನು ನೋಡೋಕೆ ಬಂದರು. ವಯಸ್ಸಾದವರು, ಬಿಸಿಲಿಗೆ ಬಸವಳಿದಿದ್ದರು. ಬೆಟ್ಟದ ಅರ್ಧದಲ್ಲಿ ಎದುರಾದ ಯಜಮಾನನನ್ನು ನೋಡಿ, "ಈ ಕೇರಿಯವರಿಗೆ ಸ್ವಾಮಿಯ ಬೋಧನೆ ಎಷ್ಟು ಗೊತ್ತಪ್ಪ? ಒಂದಿಷ್ಟು ಹೇಳು ನೋಡೋಣ," ಅಂದರು.

ಯಜಮಾನ ಹಗ್ಗ ಇಳಿಬಿಟ್ಟ. ತಣ್ಣನೆಯ ನೀರು ಸೇದಿ ತಂದ.

"ದೂರದಿಂದ ಬಂದಿದೀರಿ. ಮೊದಲು ಕೂತು ನೀರು ಕುಡೀರಿ," ಅಂದ.

ಪಾದ್ರಿಗಳು ಕುಡಿದರು. ಕುಡಿದು ಅವನ ಮುಖವನ್ನೂ, ಕಾಯಿಗಟ್ಟಿದ ಅಂಗೈಯನ್ನೂ ನೋಡಿದರು. ಮತ್ತೆ ಏನೂ ಕೇಳಲಿಲ್ಲ.

ತಿಳೀತಾ ಮಕ್ಕಳೇ? ದೇವರ ಮಾತು ಬಾಯಲ್ಲಿದ್ದರೆ ಸಾಲದು, ಅದು ಕೈಗೆ ಇಳೀಬೇಕು. ಪ್ರೀತಿ ಮಾಡ್ತೀನಿ ಅನ್ನೋನು ಬಾಯಾರಿದವನಿಗೆ ನೀರು ಕೊಡಬೇಕು, ತನಗೆ ಕೇಡು ಬಗೆದವನ ಗಾಯಕ್ಕೂ ಎಣ್ಣೆ ಹಚ್ಚಬೇಕು. ಚೌರಮ್ಮ ಮಾಡಿದ್ದು ಅಷ್ಟೇ. ನೀವೂ ಅಷ್ಟು ಮಾಡಿ. ಕಥೆ ಇಲ್ಲಿಗೆ ಮುಗೀತು, ಏಳಿ, ದೀಪ ಹಚ್ಚೋ ಹೊತ್ತಾಯ್ತು.